ಸಣ್ಣ ಮಾವನವರ ವಲ್ಲಿ ಕಚೇರಿ

ನಮ್ಮ ಸಣ್ಣ ಮಾವನವರು ಹುಟ್ಟಿದಾಗಿನಿಂದ ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಿದವರಲ್ಲ ಎಂದರೆ ನೀವು ನಂಬುತ್ತೀರಾ? ನಂಬದಿದ್ದರೆ ಬಿಡಿ, ನನ್ನ ಗಂಟೇನು ಹೋಯಿತು! ಆದರೆ ಅವರ ಮನೆಯ ಸೊಸೆಯಾಗಿ ವರ್ಷಗಟ್ಟಲೆ ಅವರಿಗೆ ರೊಟ್ಟಿ ಬಡಿಸಿದವಳು ನಾನು. ಇನ್ನೂ ಎಷ್ಟು ರೊಟ್ಟಿ ಹಾಕಲಿ ಎಂದು ಕೇಳಿ ಕೇಳಿ ನನ್ನ ಬಾಯಿ ನೋಯುತ್ತಿತ್ತೇ ಹೊರತು ಅವರ ಬಾಯಿಂದ ಉತ್ತರ ಬಂದದ್ದಿಲ್ಲ.

ಹಾಗೆಂದು ಮಾತಿಗೇನೂ ಅವರಲ್ಲಿ ಬಡತನವಿರಲಿಲ್ಲ. ಕಲಬುರ್ಗಿಯ ಗಾಜಿಪುರ ಓಣಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅವರು ಮಾತು ಶುರು ಮಾಡಿದರೆ, ನೀರಿಗೆ ಹೊರಟ ಹೆಂಗಸರು ಕೊಡ ಕೆಳಗಿಳಿಸಿ ನಿಲ್ಲುತ್ತಿದ್ದರು. ನಿಜಾಮರ ಸುದ್ದಿ, ದಿಲ್ಲಿಯ ಸುದ್ದಿ, ಯಾರ ಮನೆಯ ಎಮ್ಮೆ ಯಾರ ಬಣವೆ ಮೇಯ್ದಿತು ಎಂಬ ಸುದ್ದಿ, ಎಲ್ಲವೂ ಧಾರಾಳ. ನಡುವೆ ಒಂದು ಲೆಕ್ಕ ಬಂತೋ, ಬಾಯಿಗೆ ಬೀಗ! ಕೈ ತಾನಾಗಿ ಹೆಗಲ ಮೇಲಿನ ವಲ್ಲಿಗೆ, ಅಂದರೆ ಹೊದೆಯುವ ವಸ್ತ್ರಕ್ಕೆ, ಹೋಗುತ್ತಿತ್ತು. ಜನಗಣತಿಗೆ ಬಂದ ಗುಮಾಸ್ತರು ಕಟ್ಟೆಯ ಮುಂದೆ ನಿಂತು, "ವಯಸ್ಸು ಎಷ್ಟ್ರೀ?" ಎಂದು ಕೇಳಿದಾಗ ಇವರು ವಲ್ಲಿ ಬಿಡಿಸಿ, "ಬರ್ರಿ, ಕೈ ಕೊಡ್ರಿ" ಎಂದರು. ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದರು. ಆ ಜಾಗದಲ್ಲಿ ಏನು ಬರೆದುಕೊಂಡು ಹೋದರೋ, ಸರ್ಕಾರಕ್ಕೇ ಗೊತ್ತು.

ಸಣ್ಣ ಮಾವ ಎಂದರೆ ನನ್ನ ಮಾವನವರ ತಮ್ಮ. ನಾನು ಲಗ್ನವಾಗಿ ಬರುವ ಮೊದಲೇ ಮಾವನವರು ತೀರಿಕೊಂಡಿದ್ದರಿಂದ ಮನೆಗೆ ಇವರೇ ಹಿರಿಯರು. ಕಲಬುರ್ಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ದಲಾಲಿ ಇವರ ಕಸುಬು. ಗಂಜಿನಲ್ಲಿ ತೊಗರಿ, ಕುಸುಬಿ, ಜೋಳದ ಸೌದಾ ಆಗುವ ರೀತಿ ನೀವು ನೋಡಿರಬಹುದು. ನೋಡಿರದಿದ್ದರೆ ಹೇಳುತ್ತೇನೆ. ಮಾರುವವನ ಕೈಯನ್ನು ದಲಾಲ ತನ್ನ ವಲ್ಲಿಯ ಕೆಳಗೆ ಹಿಡಿದುಕೊಳ್ಳುತ್ತಾನೆ. ದರ ಎಷ್ಟೆಂಬುದನ್ನು ಬೆರಳು ಒತ್ತಿ ಹೇಳುವುದೇ ಹೊರತು ಬಾಯಿಂದ ಆಡುವುದಿಲ್ಲ. ಇಷ್ಟು ಬೆರಳು ಒತ್ತಿದರೆ ಇಷ್ಟು, ಇಡೀ ಅಂಗೈ ಹಿಡಿದರೆ ಅಷ್ಟು. ಆಮೇಲೆ ಕೊಳ್ಳುವವನ ಕೈ, ಮತ್ತೆ ಮಾರುವವನ ಕೈ. ಸುತ್ತ ಹತ್ತಾರು ಜನ ಕಣ್ಣರಳಿಸಿ ನಿಂತಿದ್ದರೂ ಒಳಗೆ ನಡೆದದ್ದು ಯಾರಿಗೂ ತಿಳಿಯದು. ಉಳಿದ ದಲಾಲರು ಸಂಜೆಯಾದರೆ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎಲ್ಲರಂತೆ ಮನೆಗೆ ಹೋಗುತ್ತಿದ್ದರು. ನಮ್ಮ ಸಣ್ಣ ಮಾವನವರು ಆ ವಿದ್ಯೆಯನ್ನು ಮನೆಗೂ ಹೊತ್ತು ತಂದರು!

ಯಾಕೆ ಹೀಗೆ ಎಂದು ಹೊಸದರಲ್ಲಿ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ನೋಡವ್ವ, ಅಂಕಿ ಬಾಯಾಗಿಂದ ಹೊರಗ ಬಿತ್ತಂದ್ರ ಅದು ನಮ್ಮ ಮಾತು ಕೇಳಂಗಿಲ್ಲ. ಮಂದಿ ಕಿವಿಗಿ ಬೀಳ್ತದ, ನಮ್ಮ ಮಾನಕ್ಕ ಅಂಟ್ಕೋತದ. ಆಮ್ಯಾಲ ಮನಷ್ಯಾ ಮಾಲಿನ ಸಲುವಾಗಿ ಜಗಳಾ ಮಾಡಂಗಿಲ್ಲ, ತಾ ಆಡಿದ ಅಂಕಿ ಸಲುವಾಗಿ ಮಾಡ್ತಾನ. ವಲ್ಲಿ ಕೆಳಗಿಂದು ಹಂಗಲ್ಲ. ಬೆರಳ ಸಡಲ್ ಮಾಡಿದ್ರ ಯಾರಿಗಿ ಕಾಣ್ತದ?"

ಮಾತು ನನಗೂ ಸರಿ ಎನಿಸಿತು. ಆದರೆ ಸರಿಯಾದ ಮಾತನ್ನು ಎಲ್ಲಿಯ ತನಕ ಎಳೆಯುವುದು? ಮನೆಗೆ ಊಟಕ್ಕೆ ಎಷ್ಟು ಜನ ಬಂದಿದ್ದಾರೆ ಎಂಬುದನ್ನೂ ಅವರು ಬಾಯಿಂದ ಹೇಳುತ್ತಿರಲಿಲ್ಲ. ಸೊಸೆಯಾದ ನನ್ನ ಕೈ ಹಿಡಿಯುವಂತಿಲ್ಲವಲ್ಲ, ಅದಕ್ಕೆ ನಮ್ಮ ಸಣ್ಣತ್ತೆಯನ್ನು ಬಾಗಿಲಿಗೆ ಕರೆಯುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಹೊಸ್ತಿಲಲ್ಲಿ ನಿಂತು ವಲ್ಲಿಯ ಕೆಳಗೆ ಕೈ ಹಿಡಿದುಕೊಳ್ಳುತ್ತಿದ್ದರು. ಸಣ್ಣತ್ತೆ ಒಳಗೆ ಬಂದು, "ಐದ್ ಮಂದಿಗಿ ಹಿಟ್ ನಾದ್" ಎನ್ನುತ್ತಿದ್ದರು. ಎದುರು ಮನೆಯ ಗೌರಮ್ಮ ಇದನ್ನು ದಿನಾಲೂ ನೋಡುತ್ತಿದ್ದಳು. ಅವಳು ತನ್ನ ಗಂಡನಿಗೆ ಏನೇನು ಅಂದಳೋ ತಿಳಿಯದು. ಒಂದು ದಿನ ಆ ಗಂಡ ನಮ್ಮ ಕಟ್ಟೆಗೆ ಬಂದು ಕೈ ಮುಗಿದ. "ಕಾಕಾ, ಈ ವಯಸ್ಸಿನ್ಯಾಗ ನಿಮ್ಮ ಪ್ರೀತಿ ಒಳಗ ಇಟ್ಕೋರಿ. ನಮ್ಮ ಮನ್ಯಾಗ ನಂಗ ಕುಂದರಾಕ ಜಾಗಾ ಇಲ್ದಂಗ ಆಗ್ಯದ!"

ನನ್ನ ಲಗ್ನದ ಮಾತುಕತೆಯೇ ಇವರ ವಲ್ಲಿಯ ದೆಸೆಯಿಂದ ದಾರಿ ತಪ್ಪಿತ್ತು. ನನ್ನ ತವರು ಕಮಲಾಪುರ. ಅಲ್ಲಿ ಅಪ್ಪನಿಗೆ ಕೆಂಪು ಬಾಳೆಯ ತೋಟ. ಮಾತುಕತೆಗೆ ನಮ್ಮ ಕಡೆಯಿಂದ ಕುಳಿತವರು ನನ್ನ ಸೋದರಮಾವ, ಶಾಲೆಯ ಮಾಸ್ತರರು. ವ್ಯಾಪಾರದ ಗಂಧ ಅವರಿಗಿರಲಿಲ್ಲ. ಸಣ್ಣ ಮಾವನವರು ಬಂಗಾರದ ಮಾತಿಗೆ ಬಂದಾಗ ಮಾಸ್ತರರ ಕೈ ಎಳೆದು ವಲ್ಲಿಯ ಕೆಳಗೆ ಹಾಕಿಕೊಂಡು ಬೆರಳು ಒತ್ತತೊಡಗಿದರು. ಮಾಸ್ತರರು ತಕರಾರಿಲ್ಲದೆ ಕೈ ಕೊಟ್ಟು, ಕಣ್ಣು ಮುಚ್ಚಿ ಕುಳಿತರು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು, "ಆಯುಷ್ಯ ಹೆಂಗದರೀ ನಂದು? ವರ್ಗಾವಣೆ ಏನರ ಕಾಣ್ತದೇನು?"

ಪಡಸಾಲೆಯ ಜನ ಬಿದ್ದು ಬಿದ್ದು ನಕ್ಕರು. ಆ ನಗೆಯಲ್ಲಿ ಬಂಗಾರದ ಮಾತು ಎಲ್ಲಿ ಹಾರಿತೋ, ಎರಡೂ ಕಡೆಯವರು ಮತ್ತೆ ಎತ್ತಲಿಲ್ಲ. ನಾನು ಬರಿಗೈಯಲ್ಲಿ ಬಂದ ಸೊಸೆ ಎಂದು ಆಡಿಕೊಳ್ಳುವವರಿಗೆ ಈ ಕಥೆಯನ್ನೇ ಹೇಳುತ್ತಿದ್ದೆ.

ಇಷ್ಟಾದರೆ ಹುಚ್ಚು ಎಂದು ನಕ್ಕು ಬಿಡಬಹುದಿತ್ತು. ಆದರೆ ಸಣ್ಣ ಮಾವನವರಿಗೆ ಇನ್ನೊಂದು ಚಟವಿತ್ತು. ಗಂಜಿನಲ್ಲಿ ಯಾರಿಬ್ಬರು ಜಗಳವಾಡಿದರೂ ಇವರು ನಡುವೆ ಹೋಗಿ ಕೂರುತ್ತಿದ್ದರು. ಮೊದಲು ಒಬ್ಬನ ಕೈ ವಲ್ಲಿಯ ಕೆಳಗೆ, ಎಲ್ಲಿಯ ತನಕ ಇಳಿಯುತ್ತಾನೆ ಎಂದು. ಆಮೇಲೆ ಇನ್ನೊಬ್ಬನ ಕೈ, ಎಲ್ಲಿಯ ತನಕ ಏರುತ್ತಾನೆ ಎಂದು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಗೊತ್ತಾಗದಂತೆ ಅತ್ತ ಇತ್ತ ಸರಿದಾಡಿ, ಸಂಜೆಯೊಳಗೆ ಇಬ್ಬರಿಗೂ ಚಹಾ ಕುಡಿಸಿ ಕಳಿಸುತ್ತಿದ್ದರು. ಸೋತವರು ಯಾರು, ಗೆದ್ದವರು ಯಾರು? ಯಾರಿಗೂ ಗೊತ್ತಿಲ್ಲ. ಹೀಗಾಗಿ ಇಬ್ಬರೂ ಓಣಿಯಲ್ಲಿ ಮೀಸೆ ತಿರುವಿಕೊಂಡೇ ಹೋಗುತ್ತಿದ್ದರು. ಜನ ಇದಕ್ಕೆ ವಲ್ಲಿ ಕಚೇರಿ ಎಂದು ಹೆಸರಿಟ್ಟಿದ್ದರು.

ಒಳ್ಳೆಯ ಕೆಲಸ ಅಲ್ಲವೇ, ನಿಮಗೇನು ಸಂಕಟ ಎಂದು ನೀವು ಕೇಳಬಹುದು. ಸಂಕಟ ಏನೆಂದರೆ, ನನ್ನ ಗಂಡ ವಕೀಲರು! ಹೈದರಾಬಾದಿನಲ್ಲಿ ಓದಿ ಬಂದು, ಕರಿ ಕೋಟು ಹೊಲಿಸಿಕೊಂಡು, ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದರು. ಆ ಕೋಣೆಗೆ ಬರಬೇಕಾದರೆ ಕಟ್ಟೆ ದಾಟಿಯೇ ಬರಬೇಕು. ಕಟ್ಟೆಯ ಮೇಲೆ ಯಾರು? ಸಣ್ಣ ಮಾವನವರು! ಕಾಗದಪತ್ರ ಬಗಲಲ್ಲಿಟ್ಟುಕೊಂಡು ಬಂದ ಕಕ್ಷಿದಾರನನ್ನು, "ಬಾಪಾ, ಬಿಸಲಾಗ ಬಂದಿ, ಕುಂದರು" ಎಂದು ಕೂರಿಸಿ, ಮಾತಿಗೆಳೆದು, ಎದುರಾಳಿಗೂ ಹೇಳಿ ಕಳಿಸಿ, ಅಲ್ಲಿಂದಲೇ ತಿರುಗಿ ಕಳಿಸುತ್ತಿದ್ದರು. ನಮ್ಮವರು ಕಿಟಕಿಯ ಸರಳು ಹಿಡಿದುಕೊಂಡು ನೋಡುತ್ತಿದ್ದರು.

ಒಂದು ದಿನ ನಮ್ಮವರ ತಾಳ್ಮೆ ಮುಗಿಯಿತು. "ಕಾಕಾ, ನನ್ನ ಹೊಟ್ಟಿ ಮ್ಯಾಲ ಯಾಕ ಹೊಡ್ಯಾಕತ್ತೀರಿ?"

"ನಿನ್ನ ಹೊಟ್ಟಿಗಿ ನಿನ್ನ ಹೆಂಡ್ತಿ ರೊಟ್ಟಿ ಹಾಕ್ತಾಳ. ನೀ ಅವರ ಕೇಸ್ ಹಿಡದ್ರ ಅವರ ಹೊಟ್ಟಿಗಿ ಯಾರ್ ಹಾಕ್ತಾರ?"

ಆಮೇಲೆ ತಗಡಿನ ಚಪ್ಪರದ ಕಥೆ ಶುರುವಾಗುತ್ತಿತ್ತು. ನಮಗೆಲ್ಲ ಅದು ಬಾಯಿಪಾಠ. ನಿಜಾಮರ ಕಾಲದಲ್ಲಿ ಗಂಜಿನ ಇಬ್ಬರು ವ್ಯಾಪಾರಿಗಳು ಅಂಗಡಿಯ ಮುಂದಿನ ಒಂದು ತಗಡಿನ ಚಪ್ಪರ ಯಾರದೆಂದು ಕೋರ್ಟಿಗೆ ಹೋದರಂತೆ. ಕಲಬುರ್ಗಿಯಲ್ಲಿ ಒಬ್ಬ ಗೆದ್ದ, ಇನ್ನೊಬ್ಬ ಹೈದರಾಬಾದಿಗೆ ಅಪೀಲು ಹೋದ. ಪ್ರತಿ ಪೇಶಿಗೂ, ಅಂದರೆ ವಿಚಾರಣೆಗೂ, ಇಬ್ಬರೂ ಒಂದೇ ರೈಲು, ಒಂದೇ ಡಬ್ಬಿ. ವಾಡಿ ಜಂಕ್ಷನ್ ಬರುವಷ್ಟರಲ್ಲಿ ಬುತ್ತಿ ಬಿಚ್ಚಿ ಇವನ ಶೇಂಗಾ ಹಿಂಡಿ ಅವನು, ಅವನ ಪುಂಡಿಪಲ್ಲೆ ಇವನು ತಿನ್ನುತ್ತಿದ್ದರಂತೆ. ಹೈದರಾಬಾದಿನಲ್ಲಿ ಇಳಿದು ಬೇರೆ ಬೇರೆ ಟಾಂಗಾ ಹತ್ತಿ, ಬೇರೆ ಬೇರೆ ವಕೀಲರ ಮನೆಗೆ ಹೋಗಿ ಒಬ್ಬರ ಮೇಲೊಬ್ಬರು ವಿಷ ಕಾರುತ್ತಿದ್ದರಂತೆ. ಕಡೆಗೆ ತೀರ್ಪು ಬರುವಷ್ಟರಲ್ಲಿ ಇಬ್ಬರ ಅಂಗಡಿಗಳೂ ಮಾರಿಹೋಗಿದ್ದವು, ಚಪ್ಪರ ತುಕ್ಕು ಹಿಡಿದು ಬಿದ್ದಿತ್ತು. ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ ಎಂದು ಸಣ್ಣ ಮಾವನವರು ಕಥೆ ಮುಗಿಸುತ್ತಿದ್ದರು. ನಮ್ಮವರು ಎದ್ದು ಹೋಗಿ ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರು.

ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮರ ರಾಜ್ಯ ಹಿಂದೂಸ್ತಾನಕ್ಕೆ ಸೇರಿ ಎಲ್ಲವೂ ಬದಲಾಗುತ್ತಿದ್ದ ಕಾಲ ಅದು. ಕಚೇರಿಗಳಿಂದ ಉರ್ದು ಇನ್ನೂ ಹೋಗಿರಲಿಲ್ಲ, ಇಂಗ್ಲಿಷು ಇನ್ನೂ ಪೂರ್ತಿ ಬಂದಿರಲಿಲ್ಲ. ಧಾರವಾಡದ ಕಡೆಯವರೊಬ್ಬರು ಹೊಸ ಮುನ್ಸಿಫರಾಗಿ ಬಂದರು. ಅವರಿಗೆ ಉರ್ದು ಬಾರದು, ಅವರ ಗುಮಾಸ್ತರಿಗೆ ಉರ್ದು ಬಿಟ್ಟು ಏನೂ ಬಾರದು. ಫೈಲು ಓದುವವರೊಬ್ಬರು, ತಿಳಿಸಿ ಹೇಳುವವರೊಬ್ಬರು, ತಲೆ ಆಡಿಸುವವರು ಮತ್ತೊಬ್ಬರು. ಅಂಥ ಕೋರ್ಟಿಗೆ ಒಂದು ತೊಗರಿ ಸೌದಾದ ಕೇಸಿನಲ್ಲಿ ಸಾಕ್ಷಿ ಹೇಳಲು ನಮ್ಮ ಸಣ್ಣ ಮಾವನವರು ಹೋದರು. ದಲಾಲಿ ಇವರೇ ಮಾಡಿದ್ದರಲ್ಲ.

"ಸೌದಾ ಎಷ್ಟಕ್ಕ ಆಗಿತ್ತು?" ಮುನ್ಸಿಫರು ಕೇಳಿದರು.

ಸಣ್ಣ ಮಾವನವರು ಹೆಗಲ ಮೇಲಿನ ವಲ್ಲಿ ತೆಗೆದು, ಕಟಕಟೆ ಇಳಿದು, ಕೈ ಚಾಚಿಕೊಂಡು ನೇರವಾಗಿ ಮುನ್ಸಿಫರ ಮೇಜಿನ ಕಡೆಗೆ ನಡೆದರು! ಜವಾನ ಓಡಿಬಂದು ಅಡ್ಡ ನಿಂತ. ನಮ್ಮವರು ಅಲ್ಲೇ ಇದ್ದರು, ಮುಖಕ್ಕೆ ಫೈಲು ಹಿಡಿದುಕೊಂಡರು.

"ಏನಿದು? ಇದು ಕೋರ್ಟು, ದನದ ಸಂತಿ ಅಲ್ಲ!"

"ಗೊತ್ತದರೀ ಸಾಹೇಬ್ರ. ದನದ ಸಂತ್ಯಾಗ ಇಷ್ಟ್ ಹೊತ್ತು ಹತ್ತಂಗಿಲ್ಲ."

ಕೋರ್ಟು ಮುಗಿಯುವ ತನಕ ಹೊರಗೆ ಬೇವಿನ ಮರದ ಕೆಳಗೆ ನಿಂತಿರಬೇಕೆಂದು ಹುಕುಂ ಆಯಿತು. ಹೊರಗೆ ನಿಲ್ಲಿಸಿದ್ದೇ ತಪ್ಪಾಯಿತು ನೋಡಿ! ವಾದಿ ಬೀಡಿ ಸೇದಲು ಬಂದ, ಪ್ರತಿವಾದಿ ನೀರು ಕುಡಿಯಲು ಬಂದ. ಇಬ್ಬರ ಕೈಯೂ ವಲ್ಲಿಯ ಕೆಳಗೆ ಹೋಯಿತು. ಊಟದ ಬಿಡುವು ಮುಗಿದು ಮುನ್ಸಿಫರು ಕೇಸು ಕೂಗಿಸಿದಾಗ ಇಬ್ಬರೂ ಕೈ ಮುಗಿದು, ರಾಜಿ ಆಗಿದೆ ಎಂದರು. ಮುನ್ಸಿಫರು ಬಹಳ ಹೊತ್ತು ಕಿಟಕಿಯಿಂದ ಹೊರಗೆ ಬೇವಿನ ಮರವನ್ನೇ ನೋಡುತ್ತ ಕುಳಿತಿದ್ದರಂತೆ.

ಊರಿನ ಜಗಳವನ್ನೆಲ್ಲ ಬಗೆಹರಿಸಿದ ಈ ಮಹಾನುಭಾವರ ಕೈಗೆ ಒಂದು ಜಗಳ ಮಾತ್ರ ಸಿಕ್ಕಿರಲಿಲ್ಲ. ಅದು ನನ್ನ ಅಪ್ಪನ ಜಗಳ.

ಕಲಬುರ್ಗಿಯ ರೋಜಾ ಓಣಿಯಲ್ಲಿ, ದರ್ಗಾದ ದಾರಿಯಲ್ಲಿ ಖಾದರ್ ಸಾಹೇಬರ ಹಣ್ಣಿನ ಅಂಗಡಿ. ನಾನು ತೊಟ್ಟಿಲಲ್ಲಿದ್ದಾಗಿನಿಂದ ಅವರು ನಮ್ಮ ತೋಟದ ಬಾಳೆ ಒಯ್ಯುತ್ತಿದ್ದರು. ನನಗೆ ಅವರು ಖಾದರ್ ಚಾಚಾ. ದರ್ಗಾದ ಉರುಸು, ಅಂದರೆ ವರ್ಷದ ಜಾತ್ರೆ, ಬಂತೆಂದರೆ ಗೊನೆಗಳು ಗಿಡದ ಮೇಲಿರುವಾಗಲೇ ಇಡೀ ತೋಟಕ್ಕೆ ಅವರು ಸೌದಾ ಮಾಡಿಬಿಡುತ್ತಿದ್ದರು. ಕಮಲಾಪುರದ ಕೆಂಪು ಬಾಳೆಯೆಂದರೆ ಉರುಸಿಗೆ ಬಂದವರು ಮುಗಿಬಿದ್ದು ಕೊಳ್ಳುತ್ತಿದ್ದರು. ನಾನು ಲಗ್ನವಾಗಿ ಕಲಬುರ್ಗಿಗೆ ಬಂದ ಮೇಲಂತೂ ಖಾದರ್ ಚಾಚಾನೇ ನನ್ನ ತವರಿನ ಅಂಚೆ. ತೋಟಕ್ಕೆ ಹೋಗಿ ಬಂದಾಗಲೆಲ್ಲ ಒಂದು ಚಿಪ್ಪು ಬಾಳೆ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. "ಬೇಟಾ, ನಿಮ್ಮವ್ವ ಹುಷಾರ್ ಅದಾಳ. ಎಮ್ಮಿ ಈದದ. ನಿಮ್ಮಪ್ಪಗ ಮತ್ತ ಮೊಣಕಾಲ್ ಹಿಡದದ" ಎಂದು ಹೊಸ್ತಿಲಲ್ಲೇ ನಿಂತು ಎಲ್ಲ ಒಪ್ಪಿಸಿ ಹೋಗುತ್ತಿದ್ದರು.

ನಿಜಾಮರ ಆಳ್ವಿಕೆಯ ಕಡೆಯ ವರ್ಷ ಉರುಸು ಸಮೀಪಿಸಿತು, ಗೊನೆಗಳು ಬಲಿತು ನಿಂತವು, ಅದೇ ಹೊತ್ತಿಗೆ ಪೊಲೀಸ್ ಕಾರ್ಯಾಚರಣೆ ಶುರುವಾಯಿತು. ದಾರಿಯಲ್ಲಿ ಸೈನ್ಯದ ಗಾಡಿಗಳು, ಮನೆಗಳಲ್ಲಿ ಬಾಗಿಲು ಹಾಕಿಕೊಂಡ ಜನ. ಅದಕ್ಕೂ ಮೊದಲು ನಿಜಾಮರ ಪರದ ರಜಾಕಾರರ ಹಾವಳಿಗೆ ಕಮಲಾಪುರದಲ್ಲಿ ನನ್ನ ತವರಿನವರು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದರು. ಆಮೇಲೆ ಸೇಡಿನ ಗಾಳಿ ಎದ್ದಾಗ ರೋಜಾದಲ್ಲಿ ಖಾದರ್ ಚಾಚಾನ ಮಂದಿ ಹಾಗೇ ಕುಳಿತರು. ಬಾಳೆ ಯಾರ ಭಯವನ್ನೂ ಕೇಳುವುದಿಲ್ಲ. ಗಿಡದಲ್ಲೇ ಹಣ್ಣಾಗಿ, ಕೊಳೆತು, ಉದುರಿ ಹೋಯಿತು. ನಷ್ಟ ಯಾರದು? ಮಾಲು ತಯಾರಿತ್ತು, ಅವನು ಒಯ್ಯಲಿಲ್ಲ ಎಂದು ಅಪ್ಪ. ಅವನು ಗಾಡಿ ಕಟ್ಟಿ ಕಳಿಸಲಿಲ್ಲ, ನಾನು ಹೇಗೆ ಒಯ್ಯಲಿ ಎಂದು ಖಾದರ್ ಚಾಚಾ. ಅಪ್ಪ ದಾವೆ ಹೂಡಿಯೇ ಬಿಟ್ಟ!

ನಮ್ಮವರೇ ಅಪ್ಪನ ವಕೀಲರು. ಹೆಣ್ಣು ಕೊಟ್ಟ ಮಾವನ ಹತ್ತಿರ ಫೀ ಕೇಳುವಂತಿಲ್ಲ, ಕೇಸು ಬಿಡುವಂತಿಲ್ಲ, ಅವರ ಮುಖ ಹುಳಿ ಹುಳಿ. ಪೇಶಿಯ ಮೇಲೆ ಪೇಶಿ ಬಿತ್ತು. ಫೀ ಉಳಿದರೂ ಸ್ಟಾಂಪು, ಸಾಕ್ಷಿದಾರರ ಊಟ, ಹೋಗಿ ಬರುವ ಖರ್ಚು ಬಿಡುತ್ತದೆಯೇ? ಅವ್ವನ ಕರೆಯುವ ಎಮ್ಮೆ ಮಾರಿಹೋಯಿತು. ಅತ್ತ ಖಾದರ್ ಚಾಚಾ ಅಂಗಡಿ ಅಡವಿಟ್ಟರೆಂದು ಸುದ್ದಿ. ನನ್ನ ಬಾಗಿಲಿಗೆ ಬಾಳೆ ಬರುವುದು ನಿಂತಿತು. ಒಮ್ಮೆ ಓಣಿಯಲ್ಲಿ ಅವರು ಎದುರಾದಾಗ ನಾನು "ಚಾಚಾ" ಎಂದೆ. ಅವರು ತಲೆ ತಗ್ಗಿಸಿಕೊಂಡು ಹೋಗಿಬಿಟ್ಟರು. ಆ ದಿನ ಒಲೆಯ ಮುಂದೆ ಕುಳಿತು ನಾನು ಅತ್ತಿದ್ದೇನೆ. ಕೇಸು ಮುಗಿದ ಮರುದಿನವೇ ಚಾಚಾ ಅಂಗಡಿ ಮಾರಿ ಹೈದರಾಬಾದಿಗೆ, ಮಗಳ ಮನೆಗೆ ಹೊರಟುಹೋಗುತ್ತಾರಂತೆ ಎಂದು ನಮ್ಮವರೇ ಸುದ್ದಿ ತಂದರು. ಅಪ್ಪ ಗೆದ್ದರೂ ಹೋಗುವವರು, ಸೋತರೂ ಹೋಗುವವರು! ಇಂಥ ಕೇಸು ಗೆದ್ದು ಯಾರಿಗೆ ಏನು ಬರಬೇಕಿತ್ತು?

ಹಾಗಾದರೆ ಸಣ್ಣ ಮಾವನವರ ವಲ್ಲಿ ಎಲ್ಲಿ ಹೋಗಿತ್ತು ಎಂದು ಕೇಳುತ್ತೀರಿ. ಅಪ್ಪ ಹೆಣ್ಣು ಕೊಟ್ಟವನು, ಬೀಗರ ಮುಂದೆ ತನ್ನ ಜಗಳ ಇಟ್ಟು ಸಣ್ಣವನಾಗಲು ಒಲ್ಲ. ಖಾದರ್ ಚಾಚಾನಿಗೆ ಇವರು ಎದುರಾಳಿಯ ಬೀಗರು. ಇಬ್ಬರೂ ಇವರನ್ನು ಕರೆಯಲಿಲ್ಲ. ಸಣ್ಣ ಮಾವನವರಿಗೆ ಊಟ ಸೇರದು, ನಿದ್ದೆ ಬಾರದು. ಕಡೆಗೆ ಎತ್ತು ನೋಡುವ ನೆಪ ಮಾಡಿಕೊಂಡು ಕಮಲಾಪುರಕ್ಕೆ ಹೋದರು. ಇವರು ತೋಟದ ಬೇಲಿ ದಾಟುವುದನ್ನು ಕಂಡವನೇ ಅಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ಕುಳಿತನಂತೆ! ನೀರು ಕೊಟ್ಟದ್ದು ಅವ್ವ, ಎಲೆ ಅಡಿಕೆ ಕೊಟ್ಟದ್ದು ಅವ್ವ. ಅಪ್ಪ ಇವರು ಹೋಗುವ ತನಕ ಕೈ ಹೊರಗೆ ತೆಗೆಯಲಿಲ್ಲ. ಮರುದಿನ ರೋಜಾಕ್ಕೆ ಹೋದರೆ ಖಾದರ್ ಚಾಚಾ ಶೇರವಾನಿಯ ಎರಡೂ ಕಿಸೆಗಳಲ್ಲಿ ಕೈ ತುರುಕಿಕೊಂಡು, "ಕ್ಯಾ ಸಾಬ್, ಈ ಕಡಿ ಹೆಂಗ್ ಬಂದ್ರಿ?" ಎಂದರಂತೆ. ಸಣ್ಣ ಮಾವನವರು ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದರು. "ಕೈ ಇಲ್ದ ಮಂದಿ ಸಂಗಾಟ ಏನ್ ಮಾತಾಡ್ಲಿ ನಾ!"

ಆ ಹೊತ್ತಿಗೆ ಹಿಂದೂಸ್ತಾನದ ಕಾಯದೆಗಳು ಒಂದೊಂದಾಗಿ ನಮ್ಮ ಸೀಮೆಗೂ ಜಾರಿಯಾಗುತ್ತಿದ್ದವು. ಎರಡೂ ಕಡೆಯವರು ಒಪ್ಪಿದ ಒಬ್ಬ ಪಂಚನ ಮುಂದೆ ಜಗಳ ಇಟ್ಟು ತೀರಿಸಿಕೊಳ್ಳಬಹುದು, ಪಂಚನ ತೀರ್ಪಿಗೆ ಕೋರ್ಟು ಮುದ್ರೆ ಒತ್ತುತ್ತದೆ ಎಂಬುದೂ ಅವುಗಳಲ್ಲಿ ಒಂದು. ನಮ್ಮವರು ಇದನ್ನು ಓದಿ ಹೇಳಿದಾಗ ಸಣ್ಣ ಮಾವನವರು ಕಣ್ಣು ಕಿರಿದು ಮಾಡಿ ಕೇಳಿದರು. "ನಾವ್ ಗಂಜಿನ್ಯಾಗ ಮಾಡಿದ್ರ ಹಳೇ ಹುಚ್ಚು, ಸರ್ಕಾರ ಮಾಡಿದ್ರ ಹೊಸಾ ಕಾಯ್ದೆ! ಹೂಂ, ಮುಂದ್ ಓದು."

ಮುಂದಿನ ಪೇಶಿಯಲ್ಲಿ ಮುನ್ಸಿಫರು ಫೈಲು ತಿರುವಿ ಹಾಕಿ ಬೇಸತ್ತರು. ಬಾಳೆಹಣ್ಣಿನ ಕೇಸು, ಹಣ್ಣು ಕೊಳೆತು ವರ್ಷಗಳಾದವು, ಇನ್ನು ನೀವು ಕೊಳೆಯುವುದು ಬೇಡ, ಯಾರಾದರೂ ಪಂಚರನ್ನು ಹೇಳಿರಿ ಎಂದರು. ಖಾದರ್ ಚಾಚಾ ಎದ್ದು ನಿಂತರು.

"ಹುಜೂರ್, ಗಂಜಿನ ದಲಾಲರು, ಅವರ ಬೀಗರು... ಅವರೇ ಆಗ್ಲಿ."

"ಎದುರಾಳಿ ಬೀಗರೇ? ವಿಚಾರ ಮಾಡಿ ಹೇಳ್ರಿ."

"ಮಾಡೀನಿ ಹುಜೂರ್. ಆ ಮನ್ಯಾಗ ನಮ್ಮ ಹುಡಿಗಿ ಅದಾಳ. ಆಕಿ ಇರೋ ಮನ್ಯಾಗ ನಂಗ ಅನ್ಯಾಯ ಆಗಂಗಿಲ್ಲ."

ನಮ್ಮ ಹುಡುಗಿ! ಓಣಿಯಲ್ಲಿ ಮುಖ ಎತ್ತಿ ನೋಡದೆ ಹೋದವರು ಕೋರ್ಟಿನಲ್ಲಿ ಎಲ್ಲರೆದುರು ಹಾಗೆಂದರಂತೆ. ನಮ್ಮವರು ಮನೆಗೆ ಬಂದು ಹೇಳಿದಾಗ ನಾನು ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಇನ್ನೊಮ್ಮೆ ಹೇಳಿರಿ ಎಂದೆ. ಅಪ್ಪ ಕೋರ್ಟಿನ ನೆಲ ನೋಡುತ್ತ, ಆಗಲಿ ಎಂದು ತಲೆ ಆಡಿಸಿದನಂತೆ. ಮುನ್ಸಿಫರು ನಕ್ಕು, "ಆ ವಲ್ಲಿಯವರೇನು? ಇಲ್ಲಿ ಮಾತ್ರ ಬ್ಯಾಡ, ಮನ್ಯಾಗ ಕುಂತು ಮುಗಿಸ್ಕೊಂಡು ಬರ್ರಿ" ಎಂದರಂತೆ.

ಹೀಗೆ ನಮ್ಮ ಪಡಸಾಲೆಯೇ ಕೋರ್ಟಾಯಿತು. ಅಪ್ಪ ಈ ಕಡೆಯ ಕಂಬಕ್ಕೆ, ಖಾದರ್ ಚಾಚಾ ಆ ಕಡೆಯ ಕಂಬಕ್ಕೆ ಒರಗಿ ಕುಳಿತರು. ಇಬ್ಬರೂ ಇಳಿದುಹೋಗಿದ್ದರು. ಚಾಚಾನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಮ್ಮವರು ರಾಜಿನಾಮೆ, ಅಂದರೆ ರಾಜಿಯ ಕಾಗದ, ಬರೆಯಲು ಲೇಖನಿ ಹಿಡಿದು ಮೂಲೆಯಲ್ಲಿ ಕುಳಿತಿದ್ದರು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ, ಒಲೆಯ ಮೇಲೆ ರೊಟ್ಟಿ ಇತ್ತು, ಮೈಯೆಲ್ಲ ಕಿವಿಯಾಗಿತ್ತು.

ಸಣ್ಣ ಮಾವನವರು ಮೊದಲು ಅಪ್ಪನ ಹತ್ತಿರ ಕುಳಿತು, "ಬೀಗ್ರ, ಕೈ ಕೊಡ್ರಿ" ಎಂದರು. ಅಪ್ಪನ ಕೈ ವಲ್ಲಿಯ ಕೆಳಗೆ ಹೋಯಿತು. ಗಂಜಿನಲ್ಲಿ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಸುವವರು ಅವರು. ಆ ದಿನ ಎಷ್ಟು ಹೊತ್ತಾದರೂ ಕೈ ಬಿಡಲಿಲ್ಲ. ಆಮೇಲೆ ಎದ್ದು ಹೋಗಿ ಖಾದರ್ ಚಾಚಾನ ಕೈ ಹಿಡಿದರು. ಅಲ್ಲಿಯೂ ಅಷ್ಟೇ ಹೊತ್ತು. ಅವರ ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ಕಳವಳ ಕಂಡಿತು. ಕಡೆಗೆ ಚಾಚಾನನ್ನು ಕೈ ಹಿಡಿದೇ ಎಬ್ಬಿಸಿ, ಅಪ್ಪನ ಪಕ್ಕಕ್ಕೆ ತಂದು ಕೂರಿಸಿದರು. ಅವರ ಕೈಯನ್ನು ಅಪ್ಪನ ಕೈಯಲ್ಲಿಟ್ಟು, ಮೇಲೆ ವಲ್ಲಿ ಹೊದಿಸಿ, ತಾವು ಎದ್ದು ಅಡುಗೆಮನೆಗೆ ಬಂದುಬಿಟ್ಟರು.

ನಾನು ನೀರು ಕೊಟ್ಟೆ. ತಡೆಯಲಾಗಲಿಲ್ಲ, ಕೇಳಿದೆ. "ಎಷ್ಟಕ್ಕ ಬಂತ್ರೀ ಮಾವಾ?"

"ಅಂಕಿನೇ ಇಲ್ಲವ್ವ" ಎಂದರು. "ಇಬ್ಬರ ಕೈನೂ ನಡಗಾಕತ್ತಾವ. ನಡಗೋ ಕೈಯಾಗ ನಾ ಏನ್ ಅಂಕಿ ಹಿಡೀಲಿ? ಅವರ ಕೈ ಅವರಿಗೇ ಕೊಟ್ ಬಂದೀನಿ."

ಪಡಸಾಲೆಯಿಂದ ಅಪ್ಪನ ದನಿ ಕೇಳಿತು.

"ಖಾದರಾ, ಆ ಗದ್ದಲದಾಗ ಇವ ಸತ್ತಾನೋ ಬದುಕ್ಯಾನೋ ಅಂತ ಒಮ್ಮೆರ ಕೇಳಾಕ ಬರಬಾರ್ದಿತ್ತೇನೋ ನೀ?"

ಆಮೇಲೆ ಚಾಚಾನ ದನಿ.

"ನೀ ಬರ್ತಿ ಅಂತ ಕುಂತಿದ್ನೋ ಭಾಯಿ. ಇಡೀ ರೋಜಾ ಅಗಳಿ ಹಾಕ್ಕೊಂಡಿತ್ತು. ನೀ ಬಂದ್ರ ಹೊರಗ ನಿಲ್ಲಬಾರ್ದಂತ ನಾ ಬಾಗಲಾ ತಕ್ಕೊಂಡ್ ಕುಂತಿದ್ದೆ. ಅಂಥಾ ದಿನದಾಗ!"

ನಮ್ಮವರು ಏನು ಬರೆಯಬೇಕೆಂದು ತಿಳಿಯದೆ ಒಳಗೆ ಬಂದು, "ಕಾಕಾ, ರಾಜಿನಾಮೆದಾಗ ಎಷ್ಟಂತ ಬರೀಲಿ?" ಎಂದು ಪಿಸುಗುಟ್ಟಿದರು. "ಇಬ್ಬರಿಗೂ ಒಪ್ಪಿಗಿ ಅಂತ ಬರಿ, ಸುಮ್ನಿರು" ಎಂದು ಸಣ್ಣ ಮಾವನವರು ಗದರಿದರು. ಒಲೆಯ ಮೇಲಿನ ರೊಟ್ಟಿ ಕರಕಾಗಿ ಹೋಗಿತ್ತು, ಯಾರೂ ನೋಡಲಿಲ್ಲ.

ಹೊರಗೆ ಅಪ್ಪ ಮೊಣಕಾಲಿಗೆ ಕೈ ಊರಿ ಎದ್ದ. ಕಮಲಾಪುರಕ್ಕೆ ಹೋಗುವ ಹೊತ್ತಾಗಿತ್ತು. ಆದರೆ ಅವನು ಖಾದರ್ ಚಾಚಾನ ಹೆಗಲು ಹಿಡಿದು, "ನಡಿ. ಈಗ ಬರ್ತೀನಿ, ನಿಮ್ಮ ಮನಿಗಿ" ಎಂದ. ಚಾಚಾ ಅಡುಗೆಮನೆಯ ಬಾಗಿಲ ಕಡೆಗೆ ತಿರುಗಿ, "ಬೇಟಾ, ನಿಮ್ಮಪ್ಪ ಇವತ್ತು ನಮ್ಮಲ್ಲೇ ಇರ್ತಾನ, ದಾರಿ ಕಾಯಬ್ಯಾಡ್ರಿ ಅಂತ ನಿಮ್ಮವ್ವಗ ಹೇಳಿ ಕಳಸು" ಎಂದರು. ಇಬ್ಬರೂ ಮೆಟ್ಟಿಲಿಳಿದು, ಒಬ್ಬರ ನಿಧಾನಕ್ಕೆ ಒಬ್ಬರು ಹೊಂದಿಕೊಳ್ಳುತ್ತ ಓಣಿ ಹಿಡಿದರು.

ಅವರು ತಿರುವಿನಲ್ಲಿ ಮರೆಯಾಗುವ ತನಕ ಸಣ್ಣ ಮಾವನವರು ಬಾಗಿಲಲ್ಲಿ ನಿಂತು ನೋಡಿದರು. ಹಬ್ಬವಿರಲಿಲ್ಲ, ಹುಣ್ಣಿಮೆಯಿರಲಿಲ್ಲ. ನಾನು ಸೆರಗು ಹೊದ್ದು ಬಾಗಿ ಅವರ ಕಾಲು ಮುಟ್ಟಿದೆ.

"ಯಾಕವ್ವ?" ಎಂದರು.

ನಾನು ಎದ್ದು ಒಳಗೆ ಹೋಗಿ ಹೊಸ ರೊಟ್ಟಿ ಬಡಿದು ತಂದು, ಎಷ್ಟು ಎಂದು ಕೇಳದೆ ಅವರ ತಾಟಿಗೆ ಹಾಕಿದೆ.